ಇಂಜಿನ್ ಗಟ್ಟಿ ಇದೆಯಾ? ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ ನೋಡಬೇಕಾದ್ದು

ಒಮ್ಮೆ ಗೆಳೆಯನ ಜೊತೆ ಸ್ಪೋರ್ಟ್ಸ್ ಕಾರೊಂದನ್ನು ನೋಡಲು ಹೋಗಿದ್ದೆ. ನಾವು ತಲುಪುವ ಹೊತ್ತಿಗೆ ಬಾನೆಟ್ ಬೆಚ್ಚಗಿತ್ತು. "ಈಗಷ್ಟೇ ಪೆಟ್ರೋಲ್ ಹಾಕಿಸಿಕೊಂಡು ಬಂದೆ" ಎಂದರು ಮಾರುವವರು. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯಿತು. ಸದ್ದು ಕೇಳಿ ಇಬ್ಬರಿಗೂ ಖುಷಿಯಾಯಿತು. ಗೆಳೆಯ ಕಾರು ಕೊಂಡ. ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಹಿಂದೆ ನೀಲಿ ಹೊಗೆ, ಮುಂದೆ ಟೈಮಿಂಗ್ ಚೈನಿನ (ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಸರಪಳಿ) ಗಲಗಲ ಸದ್ದು. ತಣ್ಣಗಿದ್ದಾಗ ಒಂದೇ ಒಂದು ಸಲ ನೋಡಿದ್ದರೆ ಅಷ್ಟೂ ಮೊದಲೇ ಗೊತ್ತಾಗುತ್ತಿತ್ತು.

ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವ ಮಾತು ಇದು: ತಣ್ಣಗಿರುವ ಇಂಜಿನ್ ನೋಡಿ, ಆಮೇಲೆ ಅದನ್ನು ಪೂರ್ತಿ ಬಿಸಿ ಮಾಡಿ ಮತ್ತೆ ನೋಡಿ. ಕೆಲವು ರೋಗ ತಣ್ಣಗಿದ್ದಾಗ ಮಾತ್ರ ಕಾಣುತ್ತದೆ. ಬಿಸಿಯಾದ ಮೇಲೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಆಯಿಲ್ ಎಲ್ಲ ಕಡೆ ತಲುಪಿರುತ್ತದೆ, ಸದ್ದು ಅಡಗಿಬಿಡುತ್ತದೆ. ಇನ್ನು ಕೆಲವು ಇದಕ್ಕೆ ತದ್ವಿರುದ್ಧ. ಬಿಸಿಯಾಗಿ ಆಯಿಲ್ ತೆಳುವಾದ ಮೇಲಷ್ಟೇ ಹೊರಬೀಳುತ್ತವೆ. ಎರಡನ್ನೂ ಒಂದೇ ಭೇಟಿಯಲ್ಲಿ ನೋಡಬೇಕಾದರೆ ಕನಿಷ್ಠ ಎರಡು ಗಂಟೆ ಕೈಯಲ್ಲಿ ಇಟ್ಟುಕೊಂಡು ಹೋಗಿ.

ಹೋಗುವ ಮೊದಲು ಫೋನಿನಲ್ಲಿ

ಮಾರುವವರಿಗೆ ನೇರವಾಗಿ ಹೇಳಿ: "ಹಿಂದಿನ ರಾತ್ರಿಯಿಂದ ನಾನು ಬರುವವರೆಗೆ ಕಾರು ಸ್ಟಾರ್ಟ್ ಮಾಡಬೇಡಿ." ಇದರಲ್ಲಿ ಸಂಕೋಚ ಬೇಡ. ಕಾರು ಚೆನ್ನಾಗಿದ್ದರೆ ಅವರಿಗೇನೂ ನಷ್ಟವಿಲ್ಲ ಅಲ್ವಾ?

ಇನ್ನೆರಡು ಪ್ರಶ್ನೆ ಕೇಳಿ. ಯಾವ ಗ್ರೇಡಿನ ಆಯಿಲ್ ಹಾಕುತ್ತೀರಿ, ಎಷ್ಟು ಕಿಲೋಮೀಟರಿಗೆ ಬದಲಿಸುತ್ತೀರಿ? ಸ್ಟಾರ್ಟ್ ಮಾಡಿದ ಮೊದಲ ಹದಿನೈದು ನಿಮಿಷ ಹೇಗೆ ಓಡಿಸುತ್ತೀರಿ? ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ತಡವರಿಸದೆ ಉತ್ತರ ಕೊಡುತ್ತಾರೆ. "ಆಯಿಲ್ ಬಿಸಿಯಾಗುವವರೆಗೆ 3,000 ಆರ್‌ಪಿಎಂ ದಾಟಿಸಲ್ಲ" ಎಂಬ ಮಾತು ಬಂದರೆ ನನಗೆ ಅರ್ಧ ಸಮಾಧಾನ. "ಸರ್ವಿಸ್‌ನವರು ಏನೋ ಒಂದು ಹಾಕ್ತಾರೆ" ಎಂದರೆ ಇನ್ನಷ್ಟು ಎಚ್ಚರದಿಂದ ನೋಡುತ್ತೇನೆ. ಓಡೋಮೀಟರಿನ ಅಂಕಿಗಿಂತ ಈ ಉತ್ತರಗಳಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. 40,000 ಕಿಲೋಮೀಟರ್ ಮಾತ್ರ ಓಡಿದ, ಆದರೆ ದಿನಾ ತಣ್ಣಗಿರುವಾಗಲೇ ರೆಡ್‌ಲೈನ್‌ವರೆಗೆ (ಆರ್‌ಪಿಎಂ ಮೀಟರಿನ ಕೆಂಪು ಗುರುತು) ಎಳೆಸಿಕೊಂಡ ಇಂಜಿನ್‌ಗಿಂತ, ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ 1,20,000 ಕಿಲೋಮೀಟರಿನ ಇಂಜಿನ್ ಎಷ್ಟೋ ಮೇಲು.

ಕೀ ಮುಟ್ಟುವ ಮೊದಲು

ತಲುಪಿದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಸೈಲೆನ್ಸರ್ ಪೈಪಿನ ತುದಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ನಗುಮುಖದಿಂದಲೇ ಹೇಳಿ ಬನ್ನಿ.

ತಣ್ಣಗಿದ್ದರೆ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಕಪ್ಪಗಿರುವುದೇ ತಪ್ಪಲ್ಲ, ಅದು ತನ್ನ ಕೆಲಸ ಮಾಡಿದೆ ಅಷ್ಟೆ. ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿದ್ದರೆ ಅದು ದೊಡ್ಡ ಸೂಚನೆ. ಆಯಿಲ್ ಕುಡಿಯುವ ಇಂಜಿನ್ ಆಗಿರಬಹುದು, ಇಲ್ಲವೇ ಮಾಲೀಕರಿಗೆ ನೋಡುವ ಅಭ್ಯಾಸವಿಲ್ಲ. ಎರಡೂ ಒಳ್ಳೆಯದಲ್ಲ. ಬೆರಳಿಗೆ ಸ್ವಲ್ಪ ಸವರಿಕೊಂಡು ಬಿಸಿಲಿಗೆ ಹಿಡಿಯಿರಿ. ಮಿನುಗುವ ಪುಡಿ ಕಂಡರೆ ಅದು ಬೇರಿಂಗಿನಿಂದಲೋ ಬೇರೆ ಭಾಗದಿಂದಲೋ ಸವೆದು ಬಂದ ಲೋಹ. ಅಲ್ಲಿಗೇ ನಿಲ್ಲಿಸಿ. ಪೆಟ್ರೋಲ್ ವಾಸನೆ ಜೋರಾಗಿ ಬಂದರೆ ಇಂಧನ ಆಯಿಲ್ ಜೊತೆ ಬೆರೆಯುತ್ತಿದೆ ಎಂದರ್ಥ. ಡ್ರೈ ಸಂಪ್ (ಆಯಿಲ್ ತಳದಲ್ಲಿರದೆ ಬೇರೆ ಟ್ಯಾಂಕಿನಲ್ಲಿರುವ ವ್ಯವಸ್ಥೆ) ಇರುವ ಕೆಲವು ಇಂಜಿನ್‌ಗಳಲ್ಲಿ ಮಟ್ಟವನ್ನು ಬಿಸಿಯಾಗಿದ್ದಾಗ ಮಾತ್ರ ನೋಡಬೇಕು. ಆ ಕಾರಿನ ಕೈಪಿಡಿಯಲ್ಲಿ ಏನು ಹೇಳಿದೆ ಎಂದು ಮೊದಲೇ ಓದಿಕೊಂಡು ಹೋಗಿ.

ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಭಾಗ ನೋಡಿ. ಬೆಣ್ಣೆಯಂಥ ಬಿಳಿ ನೊರೆ ಅಂಟಿದ್ದರೆ ಆಯಿಲ್‌ಗೆ ನೀರು ಸೇರಿದೆ. ಚಳಿಯಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಕಾರಿನಲ್ಲೂ ತೇವ ಕಟ್ಟಿ ಸ್ವಲ್ಪ ಹೀಗಾಗುತ್ತದೆ. ಆದರೆ ಡಿಪ್‌ಸ್ಟಿಕ್ಕಿನ ಆಯಿಲ್ ಕೂಡ ಹಾಲು ಬೆರೆಸಿದಂತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಜಾಸ್ತಿ. ಕೂಲಂಟ್ ಡಬ್ಬಿಯನ್ನೂ ಈಗಲೇ ತೆರೆದು ನೋಡಿ, ಬಿಸಿಯಾದ ಮೇಲೆ ಮುಚ್ಚಳ ಮುಟ್ಟಲೇಬಾರದು, ಮುಖಕ್ಕೆ ಹಾರುತ್ತದೆ. ಮೇಲೆ ಎಣ್ಣೆಯ ಪದರ ತೇಲಬಾರದು, ತುಕ್ಕಿನ ಕೆಂಪು ಇರಬಾರದು.

ಇಂಜಿನ್ ಕೋಣೆ ತೊಳೆದು ಪಾಲಿಶ್ ಮಾಡಿ ಫಳಫಳ ಅನ್ನುತ್ತಿದ್ದರೆ ಖುಷಿಪಡಬೇಡಿ. ಹೊರಗೆ ಥಳಕು, ಒಳಗೆ ಹುಳುಕು ಎಂಬ ಮಾತು ನೆನಪಿರಲಿ. ಸ್ವಲ್ಪ ಧೂಳು ಕೂತ, ಆದರೆ ಆಯಿಲ್ ಒಸರದ ಇಂಜಿನ್ ನನಗೆ ಇಷ್ಟ. ಲೀಕ್ ಇದ್ದರೆ ಧೂಳಿನ ಮೇಲೆ ಗೆರೆ ಎದ್ದು ಕಾಣುತ್ತದೆ. ಟಾರ್ಚ್ ಹಿಡಿದು ಕೆಳಗಿನಿಂದಲೂ ಒಮ್ಮೆ ನೋಡಿ.

ಮೊದಲ ಸ್ಟಾರ್ಟ್

ಕೀ ಮಾರುವವರ ಕೈಗೆ ಕೊಡಿ, ನೀವು ಕಾರಿನ ಹಿಂದೆ ನಿಲ್ಲಿ. ಮೊದಲ ಹತ್ತು ಸೆಕೆಂಡ್ ಹೊಗೆಯ ಕಡೆ ಗಮನವಿರಲಿ. ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಆಮೇಲೆ ಮನೆಯಲ್ಲಿ ಸಮಾಧಾನದಿಂದ ನೋಡಬಹುದು.

ಸ್ಟಾರ್ಟ್ ಆದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತುಹೋದರೆ ಸಾಮಾನ್ಯವಾಗಿ ವಾಲ್ವ್ ಸೀಲುಗಳು ಸವೆದಿವೆ. ರಾತ್ರಿಯಿಡೀ ಆಯಿಲ್ ಹನಿಹನಿಯಾಗಿ ಕೆಳಗಿಳಿದಿರುತ್ತದೆ, ಅದು ಸುಟ್ಟಾಗ ನೀಲಿ ಹೊಗೆ. ಪೋರ್ಷೆ, ಸುಬಾರು ಕಾರುಗಳಲ್ಲಿರುವಂಥ ಮಲಗಿದ ಸಿಲಿಂಡರಿನ ಇಂಜಿನ್‌ಗಳು ಸ್ವಲ್ಪ ದಿನ ನಿಂತಿದ್ದರೆ ಒಮ್ಮೊಮ್ಮೆ ಒಂದು ಸುತ್ತು ಹೊಗೆ ಬಿಡುವುದುಂಟು, ಅದು ಆ ವಿನ್ಯಾಸದ ಗುಣ. ಆಕ್ಸಲರೇಟರ್ ಒತ್ತಿದಾಗಲೆಲ್ಲ ನೀಲಿ ಹೊಗೆ ಬಂದರೆ ಅದು ಪಿಸ್ಟನ್ ರಿಂಗಿನ ಕೆಲಸ, ದೊಡ್ಡ ಖರ್ಚು. ಬೆಳಗಿನ ತೆಳು ಬಿಳಿ ಹೊಗೆ ಬರೀ ಆವಿ. ಇಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಲೇ ಇದ್ದು, ಸಿಹಿ ವಾಸನೆಯೂ ಇದ್ದರೆ ಕೂಲಂಟ್ ಸುಡುತ್ತಿದೆ. ಕಪ್ಪು ಹೊಗೆ ಪೆಟ್ರೋಲ್ ಜಾಸ್ತಿ ಹೋಗುತ್ತಿರುವುದರ ಗುರುತು. ಅದು ಸೆನ್ಸರಿನದ್ದೋ ಇಂಜೆಕ್ಟರಿನದ್ದೋ ತೊಂದರೆಯಾಗಿರಬಹುದು, ಇಂಜಿನ್ ಬಿಚ್ಚುವಂಥದ್ದು ಅಪರೂಪ.

ಈಗ ಮುಂದೆ ಬಂದು ಕಿವಿಗೊಡಿ. ಸದ್ದಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸಬರು ಗಾಬರಿಯಾಗಿ ಒಳ್ಳೆಯ ಕಾರು ಬಿಡುವುದೂ ಇಲ್ಲೇ, ಸುಮ್ನೆ ತಲೆಯಾಡಿಸಿ ಕೆಟ್ಟ ಕಾರು ಕೊಳ್ಳುವುದೂ ಇಲ್ಲೇ.

ಸ್ಟಾರ್ಟ್ ಆದ ಮೊದಲ ಒಂದೆರಡು ಸೆಕೆಂಡ್ ಗಲಗಲ ಅಂದು ನಿಲ್ಲುವುದು ಹೆಚ್ಚಾಗಿ ಟೈಮಿಂಗ್ ಚೈನ್ ಅಥವಾ ಅದರ ಟೆನ್ಷನರ್. ತಕ್ಷಣ ಅಪಾಯವಿಲ್ಲದಿದ್ದರೂ ಕೈಗೆತ್ತಿಕೊಳ್ಳಬೇಕಾದ ಕೆಲಸ. ಹಗುರವಾದ, ಚುರುಕಾದ ಟಿಕ್ ಟಿಕ್ ಮೇಲಿನಿಂದ ಬಂದರೆ ಅದು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ, ಲಿಫ್ಟರ್ ಎಂದೂ ಹೆಸರು) ಸದ್ದು. ಇದು ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ಸುತ್ತುವ ವೇಗದ ಅರ್ಧದಲ್ಲಿ ಕೇಳಿಸುತ್ತದೆ. ಹಳೆಯ ಮಾಜ್ದಾ ಎಂಎಕ್ಸ್-5ರಲ್ಲಿ ಹೈಡ್ರಾಲಿಕ್ ಲಿಫ್ಟರುಗಳು ಹೀಗೆ ಟಿಕ್ ಅನ್ನುವುದು ತೀರ ಸಾಮಾನ್ಯ, ಹೊಸ ಆಯಿಲ್ ಹಾಕಿದರೆ ಎಷ್ಟೋ ಸಲ ಹೋಗುತ್ತದೆ. ಟೊಯೊಟಾ ಜಿಟಿ86, ಸುಬಾರು ಬಿಆರ್‌ಜೆಡ್ ಕಾರುಗಳಲ್ಲಿ ಜೀರುಂಡೆಯಂತೆ ಚಿರ್‌ಚಿರ್ ಅನ್ನುವುದು ಇಂಧನ ಪಂಪು, ಅದಕ್ಕೆ ಹೆದರಬೇಕಿಲ್ಲ. ತಣ್ಣಗಿದ್ದಾಗ ಮಾತ್ರ ಟಿಕ್ ಅಂದು ಬಿಸಿಯಾದಂತೆ ಮಾಯವಾದರೆ ಎಕ್ಸಾಸ್ಟ್ ಗ್ಯಾಸ್ಕೆಟಿನ ಸಣ್ಣ ಸೋರಿಕೆ ಇರಬಹುದು.

ನಿಜಕ್ಕೂ ಹೆದರಬೇಕಾದ್ದು ಕೆಳಗಿನಿಂದ ಬರುವ ಗಡುಸಾದ ಟಕ್ ಟಕ್ ಹೊಡೆತ. ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ. ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಾಗ ಹೀಗಾಗುತ್ತದೆ. ಇಂಜಿನ್ ಸ್ವಲ್ಪ ಬಿಸಿಯಾದ ಮೇಲೆ ನಿಧಾನವಾಗಿ 2,500 ಆರ್‌ಪಿಎಂವರೆಗೆ ಏರಿಸಿ, ಥಟ್ಟನೆ ಕಾಲು ತೆಗೆಯಿರಿ. ಇಳಿಯುವಾಗ ಹೊಡೆತ ಕೇಳಿಸಿದರೆ ಬೆಲೆ ಎಷ್ಟೇ ಕಡಿಮೆ ಹೇಳಲಿ, ಎದ್ದು ಬನ್ನಿ.

ಐಡ್ಲಿಂಗ್ (ಆಕ್ಸಲರೇಟರ್ ಒತ್ತದೆ ನಿಂತಲ್ಲೇ ಓಡುವುದು) ನೆಟ್ಟಗಿರಬೇಕು. ಮುಳ್ಳು ಮೇಲೆ ಕೆಳಗೆ ಆಡಿದರೆ, ಇಂಜಿನ್ ಒಂದೊಂದು ಸಲ ಮುಗ್ಗರಿಸಿದರೆ ಮಿಸ್ಸಿಂಗ್ ಇದೆ. ಕಾಯಿಲ್, ಪ್ಲಗ್ ಆಗಿದ್ದರೆ ಸುಲಭ. ಕಂಪ್ರೆಶನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ಕಡಿಮೆಯಾಗಿದ್ದರೆ ಸುಲಭವಲ್ಲ.

ಸ್ಕ್ಯಾನರ್ ಹಾಕಿ ನೋಡಿ

ಓಬಿಡಿ ಪೋರ್ಟ್ (ಕಾರಿನ ಕಂಪ್ಯೂಟರ್ ತಪಾಸಣೆಗೆ ಇರುವ ಕಿಂಡಿ) ಇರುವ ಕಾರಾದರೆ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಸಾಕು. ಎಲ್ಲರೂ ಎರರ್ ಕೋಡ್ ಇದೆಯಾ ಎಂದು ಮಾತ್ರ ನೋಡುತ್ತಾರೆ. ಕೋಡ್ ಅಳಿಸಲು ಒಂದು ನಿಮಿಷ ಸಾಕು. ಹಾಗಾಗಿ ರೆಡಿನೆಸ್ ಮಾನಿಟರ್ ನೋಡಿ. ಕೋಡ್ ಅಳಿಸಿದರೆ ಅಥವಾ ಬ್ಯಾಟರಿ ತೆಗೆದರೆ ಕಾರಿನ ಸ್ವಯಂ ತಪಾಸಣೆಗಳು ಮತ್ತೆ ಮೊದಲಿನಿಂದ ಶುರುವಾಗುತ್ತವೆ, ಪೂರ್ತಿಯಾಗಲು ಹಲವು ಸಲ ಓಡಿಸಬೇಕು. ಸುಮಾರು ಮಾನಿಟರುಗಳು "ಅಪೂರ್ಣ" ಎಂದು ತೋರಿಸಿದರೆ ಇತ್ತೀಚೆಗೆ ಯಾರೋ ಏನೋ ಅಳಿಸಿದ್ದಾರೆ. ಎಷ್ಟೋ ಕಾರುಗಳು "ಕೋಡ್ ಅಳಿಸಿದ ಮೇಲೆ ಓಡಿದ ದೂರ" ಎಂಬುದನ್ನೂ ತೋರಿಸುತ್ತವೆ. ಅದು 12 ಕಿಲೋಮೀಟರ್ ಅಂದರೆ ಯಾಕೆ ಎಂದು ಕೇಳಿ.

ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ) ಅನ್ನುವ ಅಂಕಿ ಸಾಮಾನ್ಯವಾಗಿ ಸೊನ್ನೆಯ ಆಚೀಚೆ 10 ಶೇಕಡಾ ಒಳಗಿರಬೇಕು. ಪ್ಲಸ್ ಕಡೆ ಜಾಸ್ತಿಯಾದರೆ ಎಲ್ಲೋ ಗಾಳಿ ಸೋರಿ ಒಳಬರುತ್ತಿದೆ ಅಥವಾ ಇಂಧನ ಸಾಲುತ್ತಿಲ್ಲ.

ಮ್ಯಾನುಯಲ್ ಗೇರಿನ ಕಾರುಗಳಲ್ಲಿ ಇನ್ನೊಂದು ಅಪಾಯವಿದೆ. ಆರ್‌ಪಿಎಂ ಮಿತಿ ಮೀರದಂತೆ ಇಂಜಿನ್ ಕಂಪ್ಯೂಟರ್ ಇಂಧನ ಕಡಿತ ಮಾಡುತ್ತದೆ ನಿಜ. ಆದರೆ ಐದಕ್ಕೆ ಹಾಕಬೇಕಾದ ಗೇರನ್ನು ಮೂರಕ್ಕೆ ಹಾಕಿದರೆ ಚಕ್ರವೇ ಇಂಜಿನ್ ಅನ್ನು ತಿರುಗಿಸುತ್ತದೆ. ಆಗ ಯಾವ ಮಿತಿಯೂ ಕಾಯುವುದಿಲ್ಲ, ವಾಲ್ವ್ ಬಾಗುತ್ತದೆ, ಬೇರಿಂಗ್ ಪೆಟ್ಟು ತಿನ್ನುತ್ತದೆ. ಪೋರ್ಷೆ ಕಾರುಗಳ ಕಂಪ್ಯೂಟರ್ ಇದನ್ನು ಬರೆದಿಟ್ಟುಕೊಳ್ಳುತ್ತದೆ. 911ರ 997 ಎಂಬ ತಲೆಮಾರಿನಿಂದ ಮುಂದೆ ಆರು ಹಂತಗಳಲ್ಲಿ ಓವರ್-ರೆವ್ (ಆರ್‌ಪಿಎಂ ಮಿತಿ ಮೀರಿದ್ದು) ವರದಿ ಸಿಗುತ್ತದೆ. ಮೇಲಿನ ಹಂತಗಳಲ್ಲಿ ಎಣಿಕೆ ಇದ್ದರೆ ಅದು ಯಾವಾಗ ಆಯಿತು, ಆಮೇಲೆ ಎಷ್ಟು ಗಂಟೆ ಓಡಿದೆ ಎಂಬುದೂ ಅದರಲ್ಲಿರುತ್ತದೆ. ಪೋರ್ಷೆ ಕೊಳ್ಳುವವರು ಈ ವರದಿ ಇಲ್ಲದೆ ಮಾತುಕತೆಗೇ ಕೂರಬೇಡಿ.

ರಸ್ತೆಯಲ್ಲಿ

ಕೂಲಂಟ್ ಮುಳ್ಳು ಮಧ್ಯಕ್ಕೆ ಬಂದ ಮಾತ್ರಕ್ಕೆ ಇಂಜಿನ್ ಬಿಸಿಯಾಯಿತು ಎಂದುಕೊಳ್ಳಬೇಡಿ. ಆಯಿಲ್ ಬಿಸಿಯಾಗಲು ಇನ್ನೂ ಹತ್ತು ನಿಮಿಷವಾದರೂ ಬೇಕು. ಬಿಎಂಡಬ್ಲ್ಯು ಇ46 ಎಂ3ಯಲ್ಲಿ (ಎಂ3ಯ ಮೂರನೇ ತಲೆಮಾರು) ಟ್ಯಾಕೋಮೀಟರಿನ, ಅಂದರೆ ಆರ್‌ಪಿಎಂ ಮೀಟರಿನ, ಮೇಲೆ ಸಾಲು ದೀಪಗಳಿದ್ದು, ಆಯಿಲ್ ಬಿಸಿಯಾದಂತೆ ಒಂದೊಂದಾಗಿ ಆರುತ್ತವೆ. ಮಾರುವವರು ಮೊದಲು ಓಡಿಸಿದರೆ ಆ ಹತ್ತು ನಿಮಿಷ ಅವರ ಕಾಲನ್ನು ನೋಡಿ. ನಿಮ್ಮೆದುರೇ ತಣ್ಣಗಿನ ಇಂಜಿನ್ ಕಿರುಚಿಸುವವರು ಒಬ್ಬರೇ ಇದ್ದಾಗ ಏನು ಮಾಡಿರುತ್ತಾರೆ?

ಬಿಸಿಯಾದ ಮೇಲೆ ಎತ್ತರದ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಿಂದ ಪೂರ್ತಿ ಆಕ್ಸಲರೇಟರ್ ಒತ್ತಿ. ಒಂದೇ ಸಮನೆ ಎಳೆಯಬೇಕು. ಆಮೇಲೆ ರಸ್ತೆ ಖಾಲಿಯಿದ್ದಲ್ಲಿ ಒಮ್ಮೆ ರೆಡ್‌ಲೈನ್ ಹತ್ತಿರದವರೆಗೆ ಹೋಗಿ. ಹೋಂಡಾ ಎಸ್2000ನಂಥ ಇಂಜಿನ್‌ನಲ್ಲಿ 6,000 ಆರ್‌ಪಿಎಂ ಸುಮಾರಿಗೆ ವಾಲ್ವ್ ತೆರೆಯುವ ಕ್ಯಾಮ್ ಬದಲಾಗುತ್ತದೆ, ಸದ್ದೂ ಬದಲಾಗುತ್ತದೆ, ಎಳೆತವೂ ಜಾಸ್ತಿಯಾಗುತ್ತದೆ. ಆ ಬದಲಾವಣೆ ಕಾಣದಿದ್ದರೆ ಏನೋ ಸರಿಯಿಲ್ಲ, ಆಯಿಲ್ ಕಡಿಮೆಯಿದ್ದರೂ ಹೀಗಾಗುತ್ತದೆ.

ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಕಾಲು ತೆಗೆಯಿರಿ, ಕೆಳಗೆ ತಲುಪಿ ಮತ್ತೆ ಒತ್ತಿ. ಆ ಕ್ಷಣ ಕನ್ನಡಿಯಲ್ಲಿ ನೀಲಿ ಹೊಗೆ ಕಂಡರೆ ವಾಲ್ವ್ ಸೀಲ್ ಅಥವಾ ಗೈಡ್ ಸವೆದಿದೆ. ಟರ್ಬೊ ಕಾರಾದರೆ ಐದು ನಿಮಿಷ ಐಡ್ಲಿಂಗ್ ಬಿಟ್ಟು ಆಮೇಲೆ ರೇಸ್ ಮಾಡಿ. ಆಗ ನೀಲಿ ಹೊಗೆ ಗುಪ್ಪೆಂದು ಬಂದರೆ ಟರ್ಬೊ ಸೀಲ್ ಮೇಲೆ ಅನುಮಾನ.

ಆಯಿಲ್ ಪ್ರೆಶರ್ ಮೀಟರ್ ಇದ್ದರೆ ಈಗ ನೋಡಿ. ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಎಂಬುದು ಮೆಕ್ಯಾನಿಕ್‌ಗಳ ಹಳೆಯ ಅಂದಾಜು. ಬಿಸಿ ಐಡ್ಲಿಂಗಿನಲ್ಲಿ ಮುಳ್ಳು ತಳಕ್ಕೆ ಅಂಟಿದ್ದರೆ ಬೇರಿಂಗ್ ಅಥವಾ ಪಂಪು ಸವೆದಿರಬಹುದು. ಕಾರನ್ನು ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಮಾಜ್ದಾ ಆರ್‌ಎಕ್ಸ್-8ರಲ್ಲಿ ಈ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಬಿಸಿಯಿದ್ದಾಗ ತುಂಬ ಹೊತ್ತು ಕ್ರ್ಯಾಂಕ್ ಮಾಡಬೇಕಾಗಿ ಬಂದರೆ ಆ ರೋಟರಿ ಇಂಜಿನ್‌ನ (ಪಿಸ್ಟನ್ ಬದಲು ತ್ರಿಕೋನ ರೋಟರ್ ಸುತ್ತುವಂಥದ್ದು) ಕಂಪ್ರೆಶನ್ ಕುಸಿದಿದೆ ಎಂದೇ ಮೊದಲು ಅನುಮಾನಿಸಬೇಕು.

ಗ್ಯಾರೇಜಿನ ಪರೀಕ್ಷೆಗಳು

ಇಲ್ಲಿಯವರೆಗಿನದ್ದೆಲ್ಲ ನಿಮ್ಮ ಕಣ್ಣು, ಕಿವಿ, ಮೂಗಿನ ಕೆಲಸ. ಕಾರು ಇಷ್ಟವಾಯಿತು ಅಂದರೆ ಅದೇ ಕಂಪನಿಯ ಕಾರುಗಳನ್ನು ಬಲ್ಲ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಮಾರುವವರ ಮೆಕ್ಯಾನಿಕ್ ಬೇಡ.

ಮೊದಲನೆಯದು ಕಂಪ್ರೆಶನ್ ಟೆಸ್ಟ್. ಇಂಜಿನ್ ಬಿಸಿಯಿರಬೇಕು, ಎಲ್ಲ ಪ್ಲಗ್ ಬಿಚ್ಚಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ಗಟ್ಟಿಯಿರಬೇಕು. ಪೆಟ್ರೋಲ್ ಇಂಜಿನ್‌ಗಳಲ್ಲಿ 150ರಿಂದ 220 ಪಿಎಸ್‌ಐ ನಡುವೆ ಬರುವುದು ಸಾಮಾನ್ಯ. ಆದರೆ ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ 10 ಶೇಕಡಾ ಒಳಗಿದ್ದರೆ ಒಳ್ಳೆಯದು. ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡುತ್ತಾರೆ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ರೋಟರಿ ಇಂಜಿನ್‌ಗೆ ಮಾಮೂಲಿ ಗೇಜ್ ಸಾಲದು. ಒಂದು ರೋಟರಿಗೆ ಮೂರು ಮುಖ, ಮಾಮೂಲಿ ಗೇಜ್ ಮೂರರಲ್ಲಿ ಅತಿ ಹೆಚ್ಚಿನದ್ದನ್ನು ಮಾತ್ರ ಹಿಡಿದಿಟ್ಟು ತೋರಿಸುತ್ತದೆ. ಮೂರನ್ನೂ ಬೇರೆಬೇರೆ ಅಳೆಯುವ ಉಪಕರಣ ಬೇಕು.

ಲೀಕ್‌ಡೌನ್ ಟೆಸ್ಟ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಪಿಸ್ಟನ್ ಅನ್ನು ಮೇಲ್ತುದಿಯಲ್ಲಿ ನಿಲ್ಲಿಸಿ, ಸಿಲಿಂಡರಿಗೆ ಗಾಳಿ ತುಂಬಿ, ಎಷ್ಟು ಸೋರುತ್ತದೆ ಎಂದು ಅಳೆಯುವುದು. 10 ಶೇಕಡಾ ಒಳಗಿದ್ದರೆ ಆರೋಗ್ಯ, 20 ದಾಟಿದರೆ ಕಾರಣ ಹುಡುಕಬೇಕು. ಇದರಲ್ಲಿ ನನಗೆ ಇಷ್ಟವಾಗುವುದು ಸೋರುವ ಜಾಗವೂ ಗೊತ್ತಾಗುವುದು. ಸುಯ್ ಅನ್ನುವ ಸದ್ದು ಆಯಿಲ್ ಮುಚ್ಚಳದಲ್ಲಿ ಕೇಳಿದರೆ ರಿಂಗ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಗಾಳಿ ಎಳೆಯುವ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್, ಕೂಲಂಟಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಪ್ಲಗ್ ಬಿಚ್ಚಿದಾಗ ಅವನ್ನೂ ಸಾಲಾಗಿ ಜೋಡಿಸಿ ನೋಡಿ. ತಿಳಿ ಕಂದು ಬಣ್ಣ ಒಳ್ಳೆಯದು. ಒಂದು ಮಾತ್ರ ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ಆ ಸಿಲಿಂಡರಿನಲ್ಲಿ ತೊಂದರೆ. ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಂತೆ ಕಪ್ಪು ಚುಕ್ಕೆಗಳಿದ್ದರೆ ಇಂಜಿನ್ ನಾಕಿಂಗ್ (ಇಂಧನ ಹದ ತಪ್ಪಿ ಸಿಡಿಯುವುದು) ಅನುಭವಿಸಿದೆ, ಟ್ಯೂನ್ ಮಾಡಿದ ಟರ್ಬೊ ಕಾರುಗಳಲ್ಲಿ ಇದನ್ನು ಹುಡುಕಲೇಬೇಕು. ಅದೇ ರಂಧ್ರದಿಂದ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆ ನೋಡಿಸಿ. ಉದ್ದುದ್ದ ಗೀರು ಇರಬಾರದು.

ಆ ಇಂಜಿನ್‌ನ ಹುಟ್ಟುಗುಣ

ಪ್ರತಿ ಇಂಜಿನ್‌ಗೂ ಅದರದ್ದೇ ಒಂದು ದುರ್ಬಲ ಜಾಗ ಇರುತ್ತದೆ. ಅದನ್ನು ತಿಳಿಯದೆ ಮೇಲಿನದ್ದೆಲ್ಲ ಮಾಡಿದರೂ ತಪ್ಪಿಸಿಕೊಳ್ಳಬಹುದು.

1997ರಿಂದ 2008ರವರೆಗಿನ ಪೋರ್ಷೆ ಬಾಕ್ಸ್‌ಸ್ಟರ್ ಮತ್ತು ಮಾಮೂಲಿ 911ಗಳಲ್ಲಿ ಐಎಂಎಸ್ ಬೇರಿಂಗ್ (ಕ್ರ್ಯಾಂಕಿನಿಂದ ಕ್ಯಾಮ್‌ಗೆ ಚಾಲನೆ ಒಯ್ಯುವ ಇಂಟರ್ಮೀಡಿಯೆಟ್ ಶಾಫ್ಟಿನದ್ದು) ಎಂಬ ಚಿಕ್ಕ ಭಾಗ ಮುರಿದು ಇಡೀ ಇಂಜಿನ್ ಹಾಳಾಗಬಹುದು. ಆ ಕಾಲದ ಟರ್ಬೊ, ಜಿಟಿ3 ಕಾರುಗಳಿಗೆ ಬೇರೆಯೇ ಇಂಜಿನ್, ಅವಕ್ಕೆ ಈ ತೊಂದರೆಯಿಲ್ಲ. 2009ರ ಮಾದರಿಯಿಂದ ಆ ಶಾಫ್ಟೇ ಇಲ್ಲ. ಬೇರಿಂಗ್ ಬದಲಿಸಿದ ಬಿಲ್ ಇದ್ದರೆ ನೆಮ್ಮದಿ. ಅದೇ ಇಂಜಿನ್‌ಗಳಲ್ಲಿ ಸಿಲಿಂಡರ್ ಗೀರು ಬೀಳುವುದೂ ಉಂಟು. ಸೈಲೆನ್ಸರಿನ ಒಂದು ಪೈಪ್ ಮಾತ್ರ ಮಸಿಯಾಗಿದ್ದರೆ, ಆಯಿಲ್ ಕುಡಿಯುತ್ತಿದ್ದರೆ ಬೋರ್‌ಸ್ಕೋಪ್ ಬಿಡಲೇಬಾರದು.

ಇ46 ಎಂ3ಯ 2001ರಿಂದ 2003ರ ನಡುವಿನ ಕಾರುಗಳಿಗೆ ರಾಡ್ ಬೇರಿಂಗ್ ಬದಲಿಸುವ ಕೆಲಸವನ್ನು ಕಂಪನಿಯೇ ಕೈಗೆತ್ತಿಕೊಂಡಿತ್ತು. ಆ ದಾಖಲೆ ಕೇಳಿ. ಅದಕ್ಕೆ 10ಡಬ್ಲ್ಯು-60 ಆಯಿಲ್ ಬೇಕು, ಬಿಲ್ಲುಗಳಲ್ಲಿ ಬೇರೇನೋ ಇದ್ದರೆ ಪ್ರಶ್ನಿಸಿ. ಅದರ ನಂತರ ಬಂದ ವಿ8 ಎಂ3ಯಲ್ಲೂ ರಾಡ್ ಬೇರಿಂಗೇ ಚಿಂತೆ. ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐನ 2.5 ಲೀಟರ್ ಇಂಜಿನ್‌ನಲ್ಲಿ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯುತ್ತದೆ, ಟ್ಯೂನ್ ಮಾಡಿದ್ದರೆ ಇನ್ನೂ ಜಾಸ್ತಿ. ಜಿಟಿ86, ಬಿಆರ್‌ಜೆಡ್‌ಗಳ ಮೊದಲ ವರ್ಷಗಳ ಕಾರುಗಳಿಗೆ ವಾಲ್ವ್ ಸ್ಪ್ರಿಂಗ್ ಬದಲಿಸಲು 2018ರಲ್ಲಿ ರೀಕಾಲ್ ಬಂತು. ಆ ಕೆಲಸವಾಗಿದ್ದರೆ ಯಾವಾಗ ಆಯಿತು, ಆಮೇಲೆ ಎಷ್ಟು ಓಡಿದೆ ಎಂದು ಕೇಳಿ. ಕೆಲಸ ಮಾಡುವಾಗ ಜಾಸ್ತಿ ಸೀಲೆಂಟ್ ಬಳಸಿ ಆಯಿಲ್ ದಾರಿ ಕಟ್ಟಿಕೊಂಡ ಇಂಜಿನ್‌ಗಳೂ ಇವೆ.

ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಕಿಲೋಮೀಟರ್ ಜೊತೆ ವರ್ಷವನ್ನೂ ಎಣಿಸಿ. ನಿಂತೇ ಇದ್ದರೂ ರಬ್ಬರ್ ಒಣಗುತ್ತದೆ. ಫೆರಾರಿ ಎಫ್355ರಲ್ಲಿ ಬೆಲ್ಟ್ ಬದಲಿಸಲು ಇಂಜಿನ್ನನ್ನೇ ಕೆಳಗಿಳಿಸಬೇಕು. ಹಾಗಾಗಿ "ತುಂಬ ಕಡಿಮೆ ಓಡಿದೆ" ಎಂಬುದು ಯಾವಾಗಲೂ ಒಳ್ಳೆಯ ಸುದ್ದಿಯಲ್ಲ. ವರ್ಷಕ್ಕೆ 500 ಕಿಲೋಮೀಟರ್ ಓಡಿದ ಕಾರಿನ ಸೀಲುಗಳು ಗಟ್ಟಿಯಾಗಿ, ಓಡಿಸಲು ಶುರುಮಾಡಿದ ಮೇಲೆ ಒಂದೊಂದೇ ಸೋರುತ್ತವೆ.

ಕೊನೆಯದಾಗಿ ಆಯಿಲ್ ವರದಿ

ಮಾರುವವರು ಒಪ್ಪಿದರೆ ಆಯಿಲ್‌ನ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿ. ಸೀಸ, ತಾಮ್ರ ಜಾಸ್ತಿಯಿದ್ದರೆ ಬೇರಿಂಗ್, ಅಲ್ಯೂಮಿನಿಯಂ ಇದ್ದರೆ ಪಿಸ್ಟನ್, ಸಿಲಿಕಾನ್ ಇದ್ದರೆ ಧೂಳು ಒಳಗೆ ಹೋಗಿದೆ, ಸೋಡಿಯಂ ಅಥವಾ ಪೊಟ್ಯಾಸಿಯಂ ಇದ್ದರೆ ಕೂಲಂಟ್ ಸೇರಿರಬಹುದು. ನಿನ್ನೆಯಷ್ಟೇ ಆಯಿಲ್ ಬದಲಿಸಿದ್ದರೆ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಮಾರುವ ಹಿಂದಿನ ದಿನವೇ ಯಾಕೆ ಬದಲಿಸಿದರು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಕಾರು ಕೊಂಡಿರೋ, ಮೊದಲ ವಾರದಲ್ಲೇ ಆಯಿಲ್, ಫಿಲ್ಟರ್ ಬದಲಿಸಿ. ಹಳೆಯ ಫಿಲ್ಟರ್ ಎಸೆಯಬೇಡಿ. ಕೊಯ್ದು, ಮಡಿಕೆಗಳನ್ನು ಬಿಚ್ಚಿ, ಬಿಸಿಲಲ್ಲಿ ನೋಡಿ. ಚೂರು ಸಿಕ್ಕರೆ ಆಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ, ಅಂಟದೆ ಮಿನುಗಿದರೆ ಬೇರಿಂಗಿನ ಅಥವಾ ಪಿಸ್ಟನ್ನಿನ ಲೋಹ. ಏನೂ ಸಿಗದಿದ್ದರೆ ಫೋಟೋ ತೆಗೆದು, ಕಿಲೋಮೀಟರ್ ಮತ್ತು ತಾರೀಕು ಬರೆದಿಡಿ. 5,000 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಹೀಗೇ ಕೊಯ್ದು, ಎರಡೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡಿ.